ಯಾವ ಕಾಲದ ಫ್ಯಾಂಟಮ್ ನನ್ನವನು?

ಇಂದ್ರಜಾಲ ಕಾಮಿಕ್ಸ್ ಓದಿ ಬೆಳೆದ ಇಬ್ಬರು ಎಲ್ಲಾದರೂ ಎದುರಾದರೆ ಮಾತು ಸುತ್ತಿ ಬಳಸಿ ಅಲ್ಲಿಗೇ ಬರುತ್ತದೆ: ನಿಮಗೆ ಯಾವ ಕಾಲದ ಫ್ಯಾಂಟಮ್ ಇಷ್ಟ? ಮದುವೆಗೆ ಮುಂಚಿನವನೋ, ಆಮೇಲಿನವನೋ? ರೇ ಮೂರ್ ಬರೆದ ಕತ್ತಲೆ ತುಂಬಿದ ಚಿತ್ರಗಳೋ, ಸೈ ಬ್ಯಾರಿಯ ತಿದ್ದಿ ತೀಡಿದ ಗೆರೆಗಳೋ? ಹುಡುಗನಾಗಿದ್ದಾಗ ನಾನು ಇದಕ್ಕೆ ಒಂದು ಉತ್ತರ ಕೊಡುತ್ತಿದ್ದೆ, ಕಾಲೇಜಿನಲ್ಲಿ ಇನ್ನೊಂದು, ಮಗಳು ಹುಟ್ಟಿದ ಮೇಲೆ ಮತ್ತೊಂದು. ಪ್ರತಿ ಸಲವೂ ಅದೇ ಕೊನೆಯ ಮಾತೆಂಬ ಖಾತ್ರಿಯಲ್ಲಿ ಕೊಡುತ್ತಿದ್ದೆ. ಈಗ ಅರವತ್ತು ಹತ್ತಿರವಾಗುತ್ತಿರುವಾಗ ಆ ಉತ್ತರಗಳನ್ನು ಒಂದೊಂದಾಗಿ ಎತ್ತಿ ನೋಡುವ ಮನಸ್ಸಾಗಿದೆ. ಆಯಾ ಕಾಲ ನನಗೆ ಯಾಕೆ ಹಿಡಿಸಿತು? ಅದರಲ್ಲಿ ನಾನು ಏನು ಹುಡುಕುತ್ತಿದ್ದೆ?

ಫ್ಯಾಂಟಮ್‌ನ ಆಯುಷ್ಯ ದೊಡ್ಡದು. ಅಮೆರಿಕದ ಲೀ ಫಾಕ್ ಇವನ ಕಥೆಯನ್ನು ದಿನಪತ್ರಿಕೆಗಳಲ್ಲಿ ಶುರುಮಾಡಿದ್ದು 1936ರ ಫೆಬ್ರುವರಿ 17ರಂದು. ಸೂಪರ್‌ಮ್ಯಾನ್ ಬಂದದ್ದು ಅದಾಗಿ ಎರಡು ವರ್ಷಕ್ಕೆ. ಕಥೆಯೊಳಗಿನ ಆಯುಷ್ಯ ಇನ್ನೂ ದೊಡ್ಡದು. 1536ರಲ್ಲಿ ಕಡಲ್ಗಳ್ಳರ ದಾಳಿಯಲ್ಲಿ ತಂದೆಯನ್ನು ಕಳೆದುಕೊಂಡ ಯುವಕನೊಬ್ಬ ಅಲೆಗಳ ಜೊತೆ ದಡಕ್ಕೆ ಬಂದು ಬೀಳುತ್ತಾನೆ. ಕಾಡಿನ ಬಂದಾರ್ ಜನ ಅವನನ್ನು ಉಳಿಸುತ್ತಾರೆ. ತಂದೆಯನ್ನು ಕೊಂದವನ ತಲೆಬುರುಡೆ ಹಿಡಿದು ಅವನು ಪ್ರಮಾಣ ಮಾಡುತ್ತಾನೆ: ನಾನೂ ನನ್ನ ಮಕ್ಕಳು ಮೊಮ್ಮಕ್ಕಳೂ ಅನ್ಯಾಯದ ವಿರುದ್ಧ ನಿಲ್ಲುತ್ತೇವೆ ಎಂದು. ಅಪ್ಪ ಸತ್ತರೆ ಮಗ ಅದೇ ಮುಖವಾಡ ತೊಡುತ್ತಾನೆ; ಹೊರಗಿನವರಿಗೆ ಸಾವಿನ ಸುದ್ದಿಯೇ ತಿಳಿಯುವುದಿಲ್ಲ. ಅವರ ಕಣ್ಣಿಗೆ ನಾನೂರು ವರ್ಷದಿಂದ ಒಬ್ಬನೇ ಓಡಾಡುತ್ತಿದ್ದಾನೆ. ನಾವು ಓದಿದ್ದು ಇಪ್ಪತ್ತೊಂದನೆಯವನ ಕಥೆ.

ನನ್ನ ಅಪ್ಪ ಬೆಂಗಳೂರಿನ ಕೆ.ಆರ್. ಪುರದ ಹತ್ತಿರ ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. 1948ರಲ್ಲಿ ಶುರುವಾದ ಆ ಕಾರ್ಖಾನೆಯಲ್ಲಿ ದೇಶಕ್ಕೆಲ್ಲ ಟೆಲಿಫೋನ್ ತಯಾರಾಗುತ್ತಿತ್ತು. ಭಾನುವಾರ ಅಪ್ಪನ ಜೊತೆ ಬಸ್ ಹತ್ತಿ, ಹಳೇ ಮದ್ರಾಸು ರಸ್ತೆ ಹಿಡಿದು, ಹಲಸೂರು ದಾಟಿ ಶಿವಾಜಿನಗರಕ್ಕೆ ಹೋಗುತ್ತಿದ್ದೆವು. ರಸೆಲ್ ಮಾರ್ಕೆಟ್‌ನಲ್ಲಿ ಅಪ್ಪನ ವ್ಯಾಪಾರ ಮುಗಿಯುವವರೆಗೆ ನಾನು ಅಲ್ಲೇ ಪಕ್ಕದ ಫುಟ್‌ಪಾತಿನ ಹಳೇ ಪೇಪರ್ ಅಂಗಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದೆ. ಸೆಣಬಿನ ಹುರಿಯಲ್ಲಿ ಕಟ್ಟಿದ ಕಾಮಿಕ್ಸ್ ಕಟ್ಟುಗಳು. ಇಂಗ್ಲಿಷ್, ತಮಿಳು, ಹಿಂದಿ, ನಡುವೆ ಎಲ್ಲೋ ಒಂದೊಂದು ಕನ್ನಡದ್ದು. ತುಕ್ಕು ಹಿಡಿದ ಪಿನ್ನಿನ ಸುತ್ತ ಕಾಗದ ಕಂದು ಬಣ್ಣಕ್ಕೆ ತಿರುಗಿರುತ್ತಿತ್ತು. ಬಾಡಿಗೆ ಲೈಬ್ರರಿಯಿಂದ ಹೊರಬಿದ್ದ ಪ್ರತಿಗಳ ಮೇಲೆ, ಸರಿಯಾಗಿ ಫ್ಯಾಂಟಮ್‌ನ ಎದೆಯ ಮೇಲೇ, ನೇರಳೆ ಮಸಿಯ ಸೀಲು. ಕೆಲವಕ್ಕೆ ಕೊನೆಯ ಹಾಳೆಯೇ ಇರುತ್ತಿರಲಿಲ್ಲ. ಕಥೆ ಹೇಗೆ ಮುಗಿಯಿತೆಂದು ತಿಳಿಯಲು ಹಲಸೂರಿನ ಗೆಳೆಯನ ಮನೆಗೆ ಹೋಗಬೇಕು. ಅವನ ಹತ್ತಿರ ಅದೇ ಕಥೆಯ ತಮಿಳು ಪ್ರತಿ ಇದ್ದರೆ ಓದಿ ಹೇಳುತ್ತಿದ್ದ. ಮನೆಗೆ ಬರುತ್ತಿದ್ದ ‘ಸುಧಾ’ ವಾರಪತ್ರಿಕೆಯಲ್ಲಂತೂ ಫ್ಯಾಂಟಮ್ ಕನ್ನಡದಲ್ಲೇ ಮಾತಾಡುತ್ತಿದ್ದ. ಶಿವಾಜಿನಗರ, ಹಲಸೂರುಗಳ ಹಾಗೆ ಆ ಪತ್ರಿಕೆಯ ಕಚೇರಿ ಇದ್ದ ಎಂ.ಜಿ. ರಸ್ತೆಯೂ ದಂಡಿನದೇ, ಅಂದರೆ ಕಂಟೋನ್ಮೆಂಟಿನದೇ. ಹಾಗಾಗಿ ನನ್ನ ಲೆಕ್ಕದಲ್ಲಿ ಫ್ಯಾಂಟಮ್ ದಂಡಿನ ಕಡೆಯವನು.

ಆಗ ನನಗೆ ಇಷ್ಟವಾಗಿದ್ದು ವಂಶದ ಕಾಲ. ಅಂದರೆ ತಲೆಬುರುಡೆ ಗುಹೆಯೊಳಗೆ ಸಾಲಾಗಿ ಇಟ್ಟಿರುವ ಹಳೆಯ ದಾಖಲೆ ಪುಸ್ತಕಗಳು, ಅವುಗಳಿಂದ ಎದ್ದು ಬರುವ ಹಿಂದಿನ ಫ್ಯಾಂಟಮ್‌ಗಳ ಕಥೆಗಳು. 1964ರ ಮಾರ್ಚ್‌ನಲ್ಲಿ ಟೈಮ್ಸ್ ಆಫ್ ಇಂಡಿಯಾ ಬಳಗದವರು ಇಂದ್ರಜಾಲ ಕಾಮಿಕ್ಸ್ ಶುರುಮಾಡಿದಾಗ ಮೊದಲ ಸಂಚಿಕೆಗೆ ಆರಿಸಿಕೊಂಡದ್ದು ಫ್ಯಾಂಟಮ್‌ನ ಬೆಲ್ಟಿನ ಕಥೆಯನ್ನು. ಇಪ್ಪತ್ತನೆಯ ಫ್ಯಾಂಟಮ್‌ನನ್ನು ಬೆನ್ನಿಗೆ ಇರಿದು ಕೊಂದವನು ಅವನ ಬೆಲ್ಟನ್ನು ಕದ್ದೊಯ್ದಿರುತ್ತಾನೆ. ಅಮೆರಿಕದಲ್ಲಿ ಓದುತ್ತಿದ್ದ ಮಗ ಕಾಡಿಗೆ ಮರಳಿ, ಅಪ್ಪನನ್ನು ಗುಹೆಯಲ್ಲಿ ಮಣ್ಣುಮಾಡಿ, ಅಪ್ಪನ ವೇಷ ತೊಟ್ಟು ಹೊರಗೆ ಬರುತ್ತಾನೆ. ವರ್ಷಗಳ ಮೇಲೆ ಆ ಬೆಲ್ಟು ಯಾರದೋ ಸೊಂಟದ ಮೇಲೆ ಕಣ್ಣಿಗೆ ಬೀಳುತ್ತದೆ.

ಇದನ್ನು ಒಂದು ರಾತ್ರಿ ನನ್ನ ಕೈಯಿಂದ ತೆಗೆದುಕೊಂಡು ಅಪ್ಪನೂ ಓದಿದರು. ಓದಿ ಮುಗಿಸಿ, “ಅಲ್ಲ ಕಣೋ, ಇವನು ಬಟ್ಟೆ ಹಾಕ್ಕೊಂಡು ಕಾಡಿಗೆ ನಿಂತುಬಿಟ್ಟ. ಅಲ್ಲಿ ಓದ್ತಿದ್ದನಲ್ಲ, ಆ ಓದು ಏನಾಯ್ತು?” ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಶ್ನೆ ನನ್ನ ಕುರಿತದ್ದೂ ಆಗಿತ್ತು ಎಂದು ಹೊಳೆದದ್ದು ಬಹಳ ತಡವಾಗಿ. ನಮ್ಮ ಕ್ವಾರ್ಟರ್ಸಿನಲ್ಲಿ ಮಗನೂ ಅದೇ ಗೇಟಿನೊಳಗೆ ಹೋಗಬೇಕೆನ್ನುವುದು ಸಹಜವಾದ ಆಸೆ. ಅಪ್ಪನಿಗೂ ಆ ಆಸೆ ಇತ್ತು, ಬೇಡ ಎನ್ನುವ ಮನಸ್ಸೂ ಇತ್ತು. ಎರಡನ್ನೂ ಬಾಯಿಬಿಟ್ಟು ಹೇಳಲಿಲ್ಲ. ನನಗೆ ಆ ಗೇಟು ಬೇಡವಾಗಿತ್ತು. ಆದರೆ ಅಪ್ಪನ ಬಟ್ಟೆಯನ್ನೇ ತೊಟ್ಟ ಮಗನ ಚಿತ್ರ ಕಂಡರೆ ಗಂಟಲು ಕಟ್ಟುತ್ತಿತ್ತು. ವಂಶದ ಭಾರ ಹೊರುವ ಕೆಲಸವನ್ನು ನನ್ನ ಪಾಲಿಗೆ ಫ್ಯಾಂಟಮ್ ಮಾಡುತ್ತಿದ್ದ ಎಂದು ಈಗ ಅನ್ನಿಸುತ್ತದೆ. ಲೀ ಫಾಕ್ ಈ ಸಂಕಟ ಬಲ್ಲವನಾಗಿದ್ದ. ಅವನ ಮೂರನೆಯ ಫ್ಯಾಂಟಮ್ ಷೇಕ್ಸ್‌ಪಿಯರನ ನಾಟಕ ತಂಡದಲ್ಲಿ ಜೂಲಿಯೆಟ್ ಪಾತ್ರ ಮಾಡಿದ ಹುಡುಗ. ರಂಗದ ಮೇಲಿನ ಬದುಕು ಬಿಟ್ಟು ಗುಹೆಗೆ ಬಂದವನು. ಇಪ್ಪತ್ತೊಂದು ಜನರಲ್ಲಿ ನನಗೆ ಅತ್ಯಂತ ಹತ್ತಿರದವನು ಅವನೇ.

ಹದಿಹರೆಯದಲ್ಲಿ ನನ್ನ ಇಷ್ಟ ಬ್ರಹ್ಮಚಾರಿ ಫ್ಯಾಂಟಮ್ ಕಡೆಗೆ ಹೊರಳಿತು. ಕುದುರೆ ಹೀರೋ, ತೋಳ ಡೆವಿಲ್, ದೂರದಲ್ಲಿ ಪ್ರೇಯಸಿ ಡಯಾನಾ. ಅವಳು ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡುವವಳು, ಈಜಿನಲ್ಲಿ ಪಳಗಿದವಳು, ಒಬ್ಬಳೇ ದೇಶದೇಶ ತಿರುಗುವವಳು. 1936ರ ಮೊದಲ ಕಥೆಯಲ್ಲೇ ಬಂದ ಡಯಾನಾಗೆ ಮದುವೆಯಾದದ್ದು 1977ರ ಡಿಸೆಂಬರ್‌ನಲ್ಲಿ. ನಲವತ್ತೊಂದು ವರ್ಷ ಕಾದಳು. ಮದುವೆಗೆ ಮಾಂತ್ರಿಕ ಮ್ಯಾಂಡ್ರೇಕ್ ಕೂಡ ಬಂದಿದ್ದ. ಅವನೂ ಲೀ ಫಾಕ್‌ನದೇ ಸೃಷ್ಟಿ. ಆ ಸಂಚಿಕೆ ನಮ್ಮ ಕೈಗೆ ಬರುವ ಹೊತ್ತಿಗೆ ನಾನು ಹೈಸ್ಕೂಲಿನಲ್ಲಿದ್ದೆ. ಓದಿ ತುಂಬ ಬೇಜಾರಾಯಿತು. ಬೇಜಾರು ಎಂದರೆ ಕಡಿಮೆಯಾಯಿತು. ನನ್ನನ್ನು ಯಾರೋ ಬಿಟ್ಟುಹೋದ ಹಾಗಾಯಿತು. ಅಲ್ಲಿಯವರೆಗೆ ಅವನಿಗೂ ನನಗೂ ಒಂದು ಸಮಾನ ಸ್ಥಿತಿ ಇತ್ತು. ಅವನೂ ಹೇಳಿಕೊಳ್ಳಲಾರ, ನಾನೂ ಹೇಳಿಕೊಳ್ಳಲಾರೆ. ಕಾಕ್ಸ್ ಟೌನಿನ ಕಡೆಯ ಹುಡುಗಿಯೊಬ್ಬಳು ನಾನು ಹತ್ತುವ ಬಸ್ಸಿನಲ್ಲೇ ಬರುತ್ತಿದ್ದಳು, ಕೋಲ್ಸ್ ಪಾರ್ಕ್ ಹತ್ತಿರ ಇಳಿಯುತ್ತಿದ್ದಳು. ಅವಳ ಜೊತೆ ಒಂದು ಮಾತೂ ಆಡಿದವನಲ್ಲ. ಮಾತಾಡದೆ ಇರುವುದಕ್ಕೆ ಮುಖವಾಡದವನಿಗೆ ಒಂದು ದೊಡ್ಡ ಕಾರಣವಿತ್ತು; ಅದೇ ಕಾರಣವನ್ನು ನಾನು ಎರವಲು ಪಡೆದಿದ್ದೆ. ಮದುವೆಯಾಗಿ ಅವನು ಆ ಕಾರಣವನ್ನು ಕಿತ್ತುಕೊಂಡ. ಅಂದಿನಿಂದ ಎಷ್ಟೋ ವರ್ಷ ಯಾರೇ ಕೇಳಿದರೂ “ಮದುವೆಯ ಹಿಂದಿನ ಕಾಲವೇ ಸರಿ, ಆಮೇಲೆ ಕೆಟ್ಟಿತು” ಎಂದು ತೀರ್ಪು ಕೊಡುತ್ತಿದ್ದೆ. ಕಥೆಯ ಗುಣಕ್ಕೂ ಆ ತೀರ್ಪಿಗೂ ಸಂಬಂಧವೇ ಇರಲಿಲ್ಲ. ಆ ವರ್ಷಗಳ ಕಥೆಗಳನ್ನು ಮತ್ತೆ ಓದಿ ನೋಡಿದ್ದೇನೆ. ಸೈ ಬ್ಯಾರಿ 1961ರಿಂದ 1994ರವರೆಗೆ ಬರೆದ ಚಿತ್ರಗಳಲ್ಲಿ ಮದುವೆಯ ಆಸುಪಾಸಿನವು ಅತ್ಯಂತ ನಿರಾಳವಾದ ಚಿತ್ರಗಳು. ಫ್ಯಾಂಟಮ್ ಮೊದಲ ಬಾರಿಗೆ ಆತುರವಿಲ್ಲದೆ ಕೂತಿರುತ್ತಾನೆ.

ಇನ್ನು ಸಿಂಹಾಸನದ ವಿಷಯ. ಇದನ್ನು ಬರೆಯಲೆಂದೇ ಇಷ್ಟು ಬರೆದೆ.

ತಲೆಬುರುಡೆ ಸಿಂಹಾಸನದ ಮೇಲೆ ಕೂತ ಬಿಳಿಯ. ಸುತ್ತ ವಿಷದ ಬಾಣ ಹಿಡಿದು ನಿಂತ ಬಂದಾರ್ ಜನ. ಪಕ್ಕದಲ್ಲಿ ಹುಲ್ಲಿನ ಟೋಪಿಯ ಗುರಾನ್, ಬಾಲ್ಯದಿಂದ ಅವನ ಜೊತೆಗಿದ್ದು ಗುಟ್ಟು ಕಾಯ್ದವನು. ಈ ಚಿತ್ರವನ್ನು ನಾನು ಎಷ್ಟು ಸಲ ನೋಟ್‌ಬುಕ್ಕಿನ ಹಿಂದೆ ಬರೆದಿದ್ದೇನೋ. ಬರೆದಾಗಲೆಲ್ಲ ಸಿಂಹಾಸನದಲ್ಲಿ ಕೂತವನು ನಾನೇ. ಗುರಾನ್ ನಾನಾಗಿರಬಹುದು ಎಂದು ಒಮ್ಮೆಯೂ ಹೊಳೆಯಲಿಲ್ಲ. ಕಪ್ಪು ಮೈಬಣ್ಣದ ಹುಡುಗ ನಾನು. ಬಿಳಿಯನಾಗಲು ನನಗೆ ಯಾವ ಕಷ್ಟವೂ ಆಗಲಿಲ್ಲ. ಓದುವಾಗ ಎಲ್ಲ ಹುಡುಗರೂ ನಾಯಕನೇ ಆಗುತ್ತಾರೆ ಎಂದು ಸಮಾಧಾನ ಹೇಳಿಕೊಳ್ಳಬಹುದು. ಆದರೆ ದಂಡಿನಲ್ಲಿ ಬೆಳೆದವನಿಗೆ ಆ ಸಮಾಧಾನ ಪೂರ್ತಿ ಸಾಲದು. ಬ್ರಿಟಿಷರು 1809ರಲ್ಲಿ ಸೈನ್ಯಕ್ಕಾಗಿ ಕಟ್ಟಿದ ಊರು ಇದು. 1949ರಲ್ಲಿ ಎರಡೂ ನಗರಸಭೆಗಳು ಸೇರಿ ಒಂದೇ ಕಾರ್ಪೊರೇಷನ್ ಆಗುವವರೆಗೆ ಪೇಟೆಯದ್ದೇ ಒಂದು ಆಡಳಿತ, ದಂಡಿನದ್ದೇ ಇನ್ನೊಂದು. ಫ್ರೇಜರ್ ಟೌನ್, ಕುಕ್ ಟೌನ್, ರಿಚರ್ಡ್ಸ್ ಟೌನ್ ಎಂಬ ಹೆಸರುಗಳನ್ನು ನಾವು ಕ್ಲಾಸಿನಲ್ಲಿ ಒಂದು ಬಗೆಯ ಜಂಬದಿಂದಲೇ ಉಚ್ಚರಿಸುತ್ತಿದ್ದೆವು. ಕಲ್ಲು ಹೊತ್ತವರು, ಕುದುರೆ ನೋಡಿಕೊಂಡವರು, ಮದರಾಸಿನ ಕಡೆಯಿಂದ ಬಂದು ಹಲಸೂರಿನಲ್ಲಿ ನೆಲೆ ನಿಂತವರು ನಮ್ಮ ಗೆಳೆಯರ ಮನೆಗಳ ಹಿರಿಯರೇ. ಅವರ ಹೆಸರಿನ ಟೌನ್ ಒಂದೂ ಇರಲಿಲ್ಲ. ದಂಡಿಗಿಂತ ಎಷ್ಟೋ ಹಳೆಯದಾದ ಹಲಸೂರು ಸೋಮೇಶ್ವರನ ಗುಡಿಯ ಮುಂದೆ ನಿಂತೂ ನಮಗೆ ಊರಿನ ಚರಿತ್ರೆ ಸಾಹೇಬರಿಂದ ಶುರುವಾಗುತ್ತಿತ್ತು.

ದೊಡ್ಡವನಾದ ಮೇಲೆ ತಿಳಿದ ಒಂದು ಸಂಗತಿ ನನ್ನನ್ನು ಹಿಡಿದು ಅಲ್ಲಾಡಿಸಿತು. ಲೀ ಫಾಕ್ 1936ರಲ್ಲಿ ಶುರುಮಾಡಿದಾಗ ಆ ಕಾಡು ಆಫ್ರಿಕದಲ್ಲಿ ಇರಲಿಲ್ಲ. ಅದು ನಮ್ಮ ಕಡೆಯದು, ಬಂಗಾಳವನ್ನು ನೆನಪಿಸುವ ಹೆಸರಿನದು. ಕಡಲ್ಗಳ್ಳರ ಕೂಟಕ್ಕೆ ‘ಸಿಂಗ್’ ಎಂಬ ಹೆಸರು. ಇಪ್ಪತ್ತನೆಯ ಫ್ಯಾಂಟಮ್‌ನನ್ನು ಕೊಂದವನ ಹೆಸರು ರಾಮ. ಕಾಡು ಆಫ್ರಿಕಕ್ಕೆ ಸರಿದದ್ದು ಆಮೇಲೆ. ಇಂದ್ರಜಾಲದ ಸಂಪಾದಕರು ನಮ್ಮ ಓದುಗರಿಗೆ ನೋವಾಗಬಾರದೆಂದು ಸಿಂಗ್ ಅನ್ನು ಸಿಂಗಾ ಮಾಡಿದರು, ರಾಮನನ್ನು ರಾಮಲು ಮಾಡಿದರು, ಬಂಗಾಲ್ಲಾ ದೇಶವನ್ನು ಡೆಂಕಾಲಿ ಮಾಡಿದರು. ಹಾಗಾಗಿ ಶಿವಾಜಿನಗರದ ಫುಟ್‌ಪಾತಿನಲ್ಲಿ ಕೂತು ಓದಿದ ನನಗೆ ಸಿಂಹಾಸನದ ಸುತ್ತ ನಿಂತವರು, ಮುಷ್ಟಿಯ ಗುದ್ದು ತಿಂದು ದವಡೆಯ ಮೇಲೆ ತಲೆಬುರುಡೆ ಗುರುತು ಹೊತ್ತವರು ಮೊದಲಿಗೆ ನಮ್ಮವರೇ ಆಗಿದ್ದರೆಂಬ ಸುಳಿವು ಸಿಗಲಿಲ್ಲ. ಸಿಕ್ಕಿದ್ದರೆ ಏನಾಗುತ್ತಿತ್ತು? ಪ್ರಾಮಾಣಿಕವಾಗಿ ಹೇಳುತ್ತೇನೆ, ಆಗಲೂ ನಾನು ಸಿಂಹಾಸನದಲ್ಲೇ ಕೂರುತ್ತಿದ್ದೆ. ಅದರ ಆಸೆ ಅಷ್ಟಿತ್ತು.

ಆ ಆಸೆ ಬಾಲ್ಯಕ್ಕೇ ನಿಲ್ಲಲಿಲ್ಲ ಎನ್ನುವುದೇ ನನ್ನ ನಿಜವಾದ ತಪ್ಪೊಪ್ಪಿಗೆ. ಟಿನ್ ಫ್ಯಾಕ್ಟರಿ ಹತ್ತಿರ ಗಾಡಿಗಳು ಅಲುಗದೆ ನಿಂತಾಗ, ಬೆಳ್ಳಂದೂರು ಕೆರೆಯಲ್ಲಿ ನೊರೆ ಎದ್ದಾಗ, ಇಂದಿರಾನಗರದ ಮನೆಗಳ ಸಾಲಿನ ನಡುವೆ ರಾತ್ರೋರಾತ್ರಿ ಬಾರ್ ಒಂದು ಎದ್ದು ನಿಂತಾಗ ನನ್ನ ಬಾಯಿಂದ ಮೊದಲು ಬರುವ ಮಾತು: “ಒಬ್ಬ ಖಡಕ್ ಮನುಷ್ಯ ಬರಬೇಕು ರೀ, ಎಲ್ಲ ಸರಿಮಾಡಿಬಿಡ್ತಾನೆ.” ಯಾರೂ ಆರಿಸದ, ಯಾರಿಗೂ ಲೆಕ್ಕ ಕೊಡಬೇಕಿಲ್ಲದ, ಎಲ್ಲಿಂದಲೋ ಬಂದು ಗುದ್ದಿ ಹೋಗುವ ಒಬ್ಬ. ಈ ಹಂಬಲ ನನ್ನೊಳಗೆ ಬೇರು ಬಿಟ್ಟದ್ದು ಆ ಗುಹೆಯಲ್ಲೇ ಎಂದು ನನಗೆ ಅನುಮಾನವಿಲ್ಲ. ವಾರ್ಡ್ ಸಭೆಗೆ ಹೋಗಿ ಎರಡು ಗಂಟೆ ಕೂರುವ ತಾಳ್ಮೆ ನನಗಿಲ್ಲ. ಮುಖವಾಡದವನಿಗಾಗಿ ವರ್ಷಗಟ್ಟಲೆ ಕಾಯುವ ತಾಳ್ಮೆ ಮಾತ್ರ ಇದೆ.

ಆದ್ದರಿಂದಲೇ ನಾನೀಗ ಮತ್ತೆ ಮತ್ತೆ ತೆರೆಯುವುದು ಲಮಾಂಡಾ ಲುವಾಗಾನ ಕಾಲವನ್ನು. 1960ರ ದಶಕದಲ್ಲಿ ಆಫ್ರಿಕದ ದೇಶಗಳು ಒಂದೊಂದಾಗಿ ಸ್ವತಂತ್ರವಾಗುತ್ತಿದ್ದಾಗ ಲೀ ಫಾಕ್ ತನ್ನ ಕಾಡಿನ ದೇಶಕ್ಕೂ ಚುನಾವಣೆ ತಂದ. ಗೆದ್ದವನು ಲುವಾಗಾ, ವೃತ್ತಿಯಲ್ಲಿ ಡಾಕ್ಟರು, ಕರಿಯ, ಆ ನೆಲದವನು. ಜನರಲ್ ಬಬಾಬು ಎಂಬ ಸೇನಾಧಿಕಾರಿಗೆ ಮತಪೆಟ್ಟಿಗೆಯ ಮೇಲೆ ನಂಬಿಕೆ ಇಲ್ಲ. ಬಂದೂಕಿನಿಂದ ಅಧಿಕಾರ ಹಿಡಿಯಲು ನೋಡುತ್ತಾನೆ. ಫ್ಯಾಂಟಮ್ ಲುವಾಗಾನ ಬೆನ್ನಿಗೆ ನಿಲ್ಲುತ್ತಾನೆ. ಆಮೇಲೆ ಏನು ಮಾಡುತ್ತಾನೆ ಎನ್ನುವುದನ್ನು ಗಮನಿಸಿ. ಅರಮನೆಯಲ್ಲಿ ಉಳಿಯುವುದಿಲ್ಲ. ಆರಿಸಿ ಬಂದವನಿಗೆ ಅವನ ಕುರ್ಚಿ ಬಿಟ್ಟು, ಕುದುರೆ ಹತ್ತಿ ಕಾಡಿಗೆ ಹೋಗುತ್ತಾನೆ. ನಾನೂರು ವರ್ಷದ ದಂತಕಥೆ ಜನ ಆರಿಸಿದ ಒಬ್ಬ ಡಾಕ್ಟರನ ಅಧಿಕಾರಕ್ಕೆ ದಾರಿ ಬಿಡುತ್ತದೆ. ಲೀ ಫಾಕ್ ಬರೆದದ್ದರಲ್ಲೆಲ್ಲ ನಾನು ಎದ್ದು ನಿಂತು ಗೌರವಿಸುವ ಜಾಗ ಇದು. ರಾಜಧಾನಿ ಮಾರಿಸ್‌ಟೌನ್ ಮುಂದೆ ಮಾವಿಟಾನ್ ಆಯಿತು. ನಮ್ಮ ಸೌತ್ ಪೆರೇಡ್ ಹೀಗೇ ಮಹಾತ್ಮ ಗಾಂಧಿ ರಸ್ತೆ ಆದದ್ದು 1948ರಲ್ಲಿ. ಜಂಗಲ್ ಪ್ಯಾಟ್ರೋಲ್ ಎಂಬ ಅರಣ್ಯ ಪಡೆಗೆ ಬಿಳಿಯ ಕರ್ನಲ್ ವೀಕ್ಸ್‌ನ ನಂತರ ಕರ್ನಲ್ ವೊರುಬು ಬಂದ, ಆ ನಾಡಿನವನು.

ಹಾಗೆಂದು ಈ ಕಾಲ ನಿರ್ದೋಷಿಯಲ್ಲ. ವೊರುಬು ಕರ್ನಲ್ ಆದರೂ ಅವನಿಗೆ ಆಜ್ಞೆ ಬರುವುದು ಒಂದು ತಿಜೋರಿಯೊಳಗಿನ ಚೀಟಿಯಿಂದ, ಅದನ್ನು ಇಡುವವನು ಮುಖ ತೋರಿಸದ ಆ ಬಿಳಿಯನೇ. ಸಿಂಹಾಸನ ಗುಹೆಯ ಮುಂದೆ ಹಾಗೇ ಇದೆ. ಗುರಾನ್ ಮದುವೆಯಲ್ಲೂ ನಿಂತೇ ಇರುತ್ತಾನೆ. ಇದನ್ನೆಲ್ಲ ಕಂಡ ಮೇಲೂ ಪುಸ್ತಕ ಮುಚ್ಚಿಡಲು ನನ್ನಿಂದಾಗುವುದಿಲ್ಲ. ಪಾಪುವಾ ನ್ಯೂಗಿನಿಯ ಬೆಟ್ಟಸೀಮೆಯ ವಾಘಿ ಜನ ತಮ್ಮ ಯುದ್ಧದ ಗುರಾಣಿಗಳ ಮೇಲೆ ಫ್ಯಾಂಟಮ್ ಚಿತ್ರ ಬರೆದುಕೊಂಡರು. ಸಾವಿಲ್ಲದವನು ಎದೆಯ ಮುಂದಿದ್ದರೆ ಸಾವು ಹತ್ತಿರ ಬಾರದೆಂಬ ನಂಬಿಕೆ. ಆ ಗುರಾಣಿಗಳ ಫೋಟೋ ಮೊದಲ ಸಲ ನೋಡಿದಾಗ ನನಗೆ ಒಂದು ಬಿಡುಗಡೆ ಸಿಕ್ಕಿತು. ಸಿಂಹಾಸನದ ಸುತ್ತ ನಿಲ್ಲಿಸಲ್ಪಟ್ಟವರೂ ಆ ಮುಖವಾಡವನ್ನು ಕಿತ್ತು ತಮ್ಮ ಕೆಲಸಕ್ಕೆ ಬಳಸಿಕೊಳ್ಳಬಲ್ಲರು. ನೇರಳೆ ಸೀಲಿನ ಹರಕು ಪ್ರತಿಯಲ್ಲಿ ಅಪ್ಪನನ್ನೂ ನನ್ನನ್ನೂ ಹುಡುಕಿಕೊಂಡ ನಾನು ಮಾಡಿದ್ದೂ ಅದನ್ನೇ.

ಮಕ್ಕಳ ಕಾಲದ ಬಗ್ಗೆ ಒಂದೆರಡು ಮಾತು. 1979ರಲ್ಲಿ ಫ್ಯಾಂಟಮ್‌ಗೆ ಅವಳಿ ಮಕ್ಕಳು ಹುಟ್ಟಿದರು, ಕಿಟ್ ಮತ್ತು ಹೆಲೊಯಿಸ್. ಮುಂದಿನ ಫ್ಯಾಂಟಮ್ ಮಗನೇ ಎಂದು ಎಲ್ಲರೂ ಅಂದುಕೊಂಡಿದ್ದೆವು. ನನಗೆ ಮಗಳು ಹುಟ್ಟಿದ ಮೇಲೆ ಅಷ್ಟು ಸುಲಭವಾಗಿ ಹಾಗೆ ಅಂದುಕೊಳ್ಳಲು ಆಗಲಿಲ್ಲ. ಹದಿನೇಳನೆಯ ಫ್ಯಾಂಟಮ್ ಗಾಯಗೊಂಡು ಮಲಗಿದಾಗ ಅವನ ಅವಳಿ ತಂಗಿ ಜೂಲಿ ವೇಷ ತೊಟ್ಟು ಕಾಡು ಕಾಯ್ದ ಕಥೆಯನ್ನು ಅವಳಿಗೆ ಮೊದಲು ಓದಿ ಹೇಳಿದೆ. ಲೀ ಫಾಕ್ ಕೊನೆಯವರೆಗೂ ಬರೆಯುತ್ತಲೇ ಇದ್ದು 1999ರಲ್ಲಿ ತೀರಿಕೊಂಡ. ಆಮೇಲೆ ಕಥೆ ವಹಿಸಿಕೊಂಡವರಲ್ಲಿ ಟೋನಿ ಡಿಪಾಲ್ ಹೆಲೊಯಿಸ್‌ಳನ್ನು ತನ್ನ ಕಾಲ ಮೇಲೆ ನಿಂತು ಅಪಾಯ ಎದುರಿಸುವ ಹುಡುಗಿಯಾಗಿ ಬೆಳೆಸಿದ. ನನ್ನ ಮಗಳಿಗೆ ಅವಳು ಇಷ್ಟ. ಸಿಂಹಾಸನದ ಚಿತ್ರ ಬಂದಾಗ ಮಾತ್ರ, “ಅಪ್ಪಾ, ಇವರೆಲ್ಲ ಯಾಕೆ ನಿಂತೇ ಇದ್ದಾರೆ?” ಎಂದು ಕೇಳಿದಳು. ನಾನು ಆ ವಯಸ್ಸಿನಲ್ಲಿ ಕೇಳದ ಪ್ರಶ್ನೆ. ಪುಟ ಮಗುಚದೆ ಕೂತು ಅದಕ್ಕೆ ಉತ್ತರ ಹೇಳಿದೆ; ದಂಡಿನ ಕಥೆಯನ್ನೂ ಸೇರಿಸಿಯೇ ಹೇಳಬೇಕಾಯಿತು.

ಇಂದ್ರಜಾಲ ಕಾಮಿಕ್ಸ್ 1990ರಲ್ಲಿ ನಿಂತಿತು. ಶಿವಾಜಿನಗರದ ಆ ಅಂಗಡಿಯೂ ಇಲ್ಲ. ಈಗ ನನ್ನನ್ನು ಕೇಳಿದರೆ ತೀರ್ಪು ಇಷ್ಟು: ಲುವಾಗಾ ಅಧ್ಯಕ್ಷನಾದಲ್ಲಿಂದ ಅವಳಿ ಮಕ್ಕಳು ಹುಟ್ಟುವವರೆಗಿನ ಕಾಲವೇ ಫ್ಯಾಂಟಮ್‌ನ ಅತ್ಯುತ್ತಮ ಕಾಲ. ನಿಮ್ಮ ಅಟ್ಟದ ಮೇಲೆ ಹಳೆಯ ‘ಸುಧಾ’ ಬೈಂಡುಗಳೋ ಕನ್ನಡದ ಇಂದ್ರಜಾಲ ಪ್ರತಿಗಳೋ ಇದ್ದರೆ ತೂಕಕ್ಕೆ ಹಾಕಬೇಡಿ. ಕೆಳಗಿಳಿಸಿ, ಮನೆಯ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ. ಸಿಂಹಾಸನದ ಪುಟವನ್ನು ಹಾರಿಸಬೇಡಿ, ಅವರು ಕೇಳುವ ಪ್ರಶ್ನೆಯನ್ನೂ ಹಾರಿಸಬೇಡಿ.